ಬೋಂಡನ ಗೃಹಪ್ರವೇಶ

“ಯಜಮಾನರ ಹೆಸರು?” ಎಂದು ಪುರೋಹಿತರು ಕೇಳಿದರು.

“ಬೋಂಡ,” ಎಂದರು ಗೋಪಾಲಪ್ಪ ತಾತ.

ಪುರೋಹಿತರಿಗೆ ಅವಸರವಿತ್ತು. ಆ ಭಾನುವಾರ ಬೇಗೂರಿನಲ್ಲಿ ಅವರು ಇನ್ನೂ ಬೇರೆ ಗೃಹಪ್ರವೇಶಗಳಿಗೆ ಹೋಗಬೇಕಿತ್ತು. ಗೋತ್ರ ಯಾವುದು ಎಂದು ಕೇಳಲು ಬಾಯಿ ತೆರೆದವರು, ಮೊಮ್ಮಗ ಮನುವಿನ ಕಂಕುಳಲ್ಲಿ ಒದ್ದಾಡುತ್ತಿದ್ದ ಕಂದು ನಾಯಿಮರಿಯನ್ನು ನೋಡಿ ಬಾಯಿ ಮುಚ್ಚಿದರು.

“ಗೋತ್ರ ನಮ್ದೇ ಆಕ್ಕೊಳ್ಳಿ ಅಯ್ನೋರೆ. ಮನೇಲಿರೋರ್ಗೆಲ್ಲ ಒಂದೇ ತಾನೆ,” ಎಂದರು ತಾತ.

“ಮನೇಲಿರೋಕೆ ಬಿಟ್ರೆ ತಾನೆ,” ಎಂದು ಹಿಂದಿನಿಂದ ಅಮ್ಮ ಮೆಲ್ಲಗೆ ಹೇಳಿದಳು.

ಜಗಳವಿದ್ದದ್ದೇ ಅಲ್ಲಿ. ಬಸ್ ಸ್ಟಾಪಿನ ಹಿಂದೆ ಮರಳಿನ ರಾಶಿಯ ಮೇಲೆ ಒಂಟಿಯಾಗಿ ಅಳುತ್ತಿದ್ದ ಬೋಂಡನನ್ನು ಮನು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದ ದಿನದಿಂದ ಮನೆ ಎರಡು ಪಾರ್ಟಿಯಾಗಿತ್ತು. ಮರಿ ಮನೆಯ ಒಳಗೇ ಇರಬೇಕು, ಹೊರಗೆ ನೀರಿನ ಟ್ಯಾಂಕರ್‌ಗಳು ಓಡಾಡುತ್ತವೆ ಎಂದು ಅಮ್ಮ. ನಾಯಿ ಅಂದರೆ ಹೊರಗೆ, ಮನುಷ್ಯ ಅಂದರೆ ಒಳಗೆ, ಇದು ತಮ್ಮ ಅಜ್ಜನ ಕಾಲದಿಂದ ಬಂದ ಲೆಕ್ಕ ಎಂದು ತಾತ. ಅಪ್ಪ ಯಾರ ಪಕ್ಷಕ್ಕೂ ಸೇರದೆ ಟಿ.ವಿ. ಪಕ್ಷಕ್ಕೆ ಸೇರಿಕೊಂಡರು. ಬೋಂಡನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಅವನು ಉತ್ತರ ಹೇಳುತ್ತಿರಲಿಲ್ಲ, ಬಾಯಲ್ಲಿ ಅಪ್ಪನ ಚಪ್ಪಲಿ ಇತ್ತು.

ತಾತನಿಗೆ ಗೊತ್ತಿದ್ದ ಪರಿಹಾರ ಒಂದೇ, ಕಟ್ಟಡ ಕಟ್ಟುವುದು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರು ಕಟ್ಟಡ ಬೆಳೆಯುತ್ತಾರೆ. ಕಂಪನಿ ಹುಡುಗರು ಬಂದರು, ತಾತ ಪಿ.ಜಿ. ಕಟ್ಟಿದರು. ಹುಡುಗರಿಗೆ ಮದುವೆಯಾಯಿತು, ತಾತ ಫ್ಲ್ಯಾಟ್ ಕಟ್ಟಿದರು. ಈಗ ನಾಯಿ ಬಂದಿತ್ತು. ಹಾಗಾಗಿ ಅಂಗಳದ ಮೂಲೆಯಲ್ಲಿ ಒಂದು ಪುಟ್ಟ ಗೂಡಿಗೆ ಪಾಯ ತೆಗೆಸಿದರು.

ಪಾಯ ತೆಗೆದ ಮೇಲೆ ತಾತನ ಕೈ ಸುಮ್ಮನಿರಲಿಲ್ಲ. ವಾಸ್ತುವಿನ ಪ್ರಕಾರ ಬಾಗಿಲು ಪೂರ್ವಕ್ಕೆ ಬಂತು. ಗಾಳಿಗೊಂದು ಕಿಟಕಿ ಬಂತು, ನೆಲಕ್ಕೆ ಟೈಲ್ಸ್ ಬಂತು, ಕೆಟ್ಟ ಕಣ್ಣು ಬೀಳಬಾರದೆಂದು ಕೋರೆಹಲ್ಲಿನ ದೃಷ್ಟಿಬೊಂಬೆಯೂ ಬಂತು. ತಾರಸಿಯ ಮೇಲೆ ಕಬ್ಬಿಣದ ಸರಳುಗಳನ್ನು ಹಾಗೇ ಮೇಲಕ್ಕೆ ಬಿಡಿಸಿದ್ದರು. ಅದ್ಯಾಕೆ ಎಂದು ಮನು ಕೇಳಿದ್ದಕ್ಕೆ, ನಾಳೆ ಇನ್ನೊಂದು ನಾಯಿ ಬಂದರೆ ಮೇಲೊಂದು ಫ್ಲೋರ್ ಎತ್ತಬೇಡವೇ ಎಂದರು. ಎಲ್ಲ ಮುಗಿದಾಗ ಅದರೊಳಗೆ ದೊಡ್ಡವರು ಆರಾಮಾಗಿ ಕೂರಬಹುದಿತ್ತು. ನಿಂತರೆ ಮಾತ್ರ ತಲೆಗೆ ಏಟು.

ಇದೆಲ್ಲ ತಮಾಷೆಯಾಗಿಯೇ ಇತ್ತು. ಆದರೆ ಮನುವಿಗೆ ನಗು ಬರುತ್ತಿರಲಿಲ್ಲ. ಇಷ್ಟು ಚೆಂದದ ಮನೆ ಕಟ್ಟಿಸಿದ ಮೇಲೂ ಬೋಂಡ ಅದರಲ್ಲಿ ಇರದೇ ಹೋದರೆ, ಸಂಜೆ ಲೋಕೇಶ್ ಚಿಕ್ಕಪ್ಪ ಅವನನ್ನು ಕರೆದುಕೊಂಡು ಹೋಗಲಿ ಎಂದು ತಾತ ಹೇಳಿಬಿಟ್ಟಿದ್ದರು. ಚಿಕ್ಕಪ್ಪನ ವರ್ಕ್‌ಶಾಪ್ ಪೀಣ್ಯದಲ್ಲಿತ್ತು. ಅಲ್ಲಿ ಕಾವಲಿಗೆ ಒಂದು ನಾಯಿ ಬೇಕಾಗಿತ್ತು. ಚಿಕ್ಕಪ್ಪನ ವ್ಯಾನಿನಲ್ಲಿದ್ದ ಸರಪಳಿಯನ್ನು ಮನು ಬೆಳಿಗ್ಗೆಯೇ ನೋಡಿದ್ದ. ಅದು ಬೋಂಡನ ಕಾಲಿಗಿಂತ ದಪ್ಪ ಇತ್ತು.

ಗೃಹಪ್ರವೇಶ ಶಾಸ್ತ್ರೋಕ್ತವಾಗಿ ನಡೆಯಿತು. ಮೊದಲು ಹಸು ಒಳಗೆ ಹೋಗಬೇಕು. ಹಸುವಿನ ತಲೆ ಮಾತ್ರ ಹೋಯಿತು. ಅದು ತೋರಣದ ಮಾವಿನೆಲೆ ತಿಂದು ತಲೆ ಈಚೆಗೆ ತೆಗೆಯಿತು. ಆಮೇಲೆ ಪಿಳ್ಳಮ್ಮಜ್ಜಿ ಪುಟ್ಟ ಕುಡಿಕೆಯಲ್ಲಿ ಹಾಲು ಉಕ್ಕಿಸಿ, ಒಳಗೆ ದೀಪ ಹಚ್ಚಿದರು. ಉಕ್ಕಿದ ಹಾಲನ್ನು ಬೋಂಡ ನೆಕ್ಕಿದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ಮನು ಅವನನ್ನು ಟೈಲ್ಸ್ ಮೇಲೆ ಬಿಟ್ಟದ್ದೇ ತಡ, ಬೋಂಡ ದೌಡಾಯಿಸಿ ದೊಡ್ಡ ಮನೆಯ ಮೆಟ್ಟಿಲ ಹತ್ತಿರ ಹೋಗಿ ಮಲಗಿದ.

ಮನು ಬಿಸ್ಕತ್ ಇಟ್ಟು ನೋಡಿದ. ಬೋಂಡ ಬಿಸ್ಕತ್ತನ್ನು ಕಚ್ಚಿಕೊಂಡು ಈಚೆ ಬಂದು ತಿಂದ. ತನ್ನ ಬೆಡ್‌ಶೀಟ್ ಹಾಸಿ ನೋಡಿದ. ಬೋಂಡ ಅದನ್ನೂ ಎಳೆದುಕೊಂಡು ಮೆಟ್ಟಿಲಿಗೇ ಬಂದ.

ಮಧ್ಯಾಹ್ನ ಗುರುರಾಜ್ ಎಂಬ ಕಂಪನಿ ಹುಡುಗನೊಬ್ಬ ಗೇಟಿನ ಹತ್ತಿರ ನಿಂತ. ಪಿ.ಜಿ. ಊಟ ಸಾಕಾಗಿ ಅವನು ಬಾಡಿಗೆ ಮನೆ ಹುಡುಕುತ್ತಿದ್ದ. ಹೊಸ ಬಣ್ಣ, ತೋರಣ ನೋಡಿ ಒಳಗೆ ಬಂದು, ಬಗ್ಗಿ ಇಣುಕಿ, “ಸಿಂಗಲ್ ರೂಮಾ ಸಾರ್? ಹೈಟ್ ಸ್ವಲ್ಪ ಕಮ್ಮಿ ಆಯ್ತಲ್ಲ,” ಎಂದ.

ತಾತನಿಗೆ ಬಾಯಿಪಾಠ. ನೀರಿಗೆ ತೊಂದರೆಯಿಲ್ಲ, ರಾತ್ರಿ ಗೇಟು ಬೇಗ ಹಾಕುತ್ತೇವೆ, ಗೋಡೆಗೆ ಮೊಳೆ ಹೊಡೆಯಬಾರದು ಎಂದು ಶುರು ಮಾಡಿದರು. ಕೊನೆಗೆ, “ನಾಯಿ ಗೀಯಿ ಸಾಕಂಗಿಲ್ಲ,” ಎಂದರು. ಹೇಳಿದ ಮೇಲೆ ಬೋಂಡನ ಕಡೆ ನೋಡಿ ಸುಮ್ಮನಾದರು. ಅಮ್ಮ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗುರುರಾಜ್ ಯೋಚನೆ ಮಾಡಿ ಹೇಳುತ್ತೇನೆಂದು ಎರಡು ಒಬ್ಬಟ್ಟು ತಿಂದು ಹೋದ.

ಆಗ ಪಿಳ್ಳಮ್ಮಜ್ಜಿ ಹೊಸದೊಂದು ತಕರಾರು ತೆಗೆದರು. ಹಾಲುಕ್ಕಿಸಿ ದೀಪ ಹಚ್ಚಿದ ಮನೆಯನ್ನು ಖಾಲಿ ಬಿಡಬಾರದು, ಯಾರಾದರೂ ಒಳಗೆ ಇರಲೇಬೇಕು. ಮನೆಯ ಯಜಮಾನ ಮೆಟ್ಟಿಲ ಬಳಿ ಗೊರಕೆ ಹೊಡೆಯುತ್ತಿದ್ದ.

“ಕಟ್ಸಿದೋರೇ ಓಗಿ ಕೂತ್ಕಳಿ,” ಎಂದರು ಅಜ್ಜಿ.

ತಾತ ಪಂಚೆ ಎತ್ತಿ ಕಟ್ಟಿ, ಅಂಬೆಗಾಲಿಡುತ್ತಾ ಒಳಗೆ ಹೋದರು. ಒಳಗೆ ತಿರುಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಬಾಗಿಲಲ್ಲಿ ಅವರ ಮುಖ ಕಾಣಿಸಿತು.

ಬೋಂಡ ಒಂದು ಕಣ್ಣು ತೆರೆದ. ಎದ್ದ, ಮೈ ಮುರಿದ. ನೆಟ್ಟಗೆ ನಡೆದು ಹೋಗಿ ತಾತನ ತೊಡೆಯ ಮೇಲೆ ಧೊಪ್ಪೆಂದು ಮಲಗಿದ.

ತಾತ ಗೆದ್ದವರ ಹಾಗೆ ಅಮ್ಮನನ್ನು ಕರೆದು ತೋರಿಸಿದರು. ಅದೇ ಖುಷಿಯಲ್ಲಿ ಕಾಫಿ ಕುಡಿಯಲು ಹೊರಗೆ ಬಂದರು. ಬೋಂಡನೂ ಬಂದ. ತಾತ ಲೋಟ ಕೆಳಗಿಟ್ಟು ಮತ್ತೆ ಒಳಗೆ ಹೋದರು. ಬೋಂಡನೂ ಹೋದ. ತಾತ ಏನೋ ಅನುಮಾನ ಬಂದು ಇನ್ನೊಮ್ಮೆ ಹೊರಗೆ ಬಂದು ಒಳಗೆ ಹೋದರು. ಬೋಂಡನಿಗೆ ಬೇಸರವೇ ಇರಲಿಲ್ಲ. ತಾತನ ಮುಖದಲ್ಲಿದ್ದ ಗೆದ್ದ ನಗು ಹೊರಟುಹೋಗಿದ್ದನ್ನು ಮನು ನೋಡಿದ.

ಊಟ ಮಾಡಿ ದೊಡ್ಡ ಮನೆಯಲ್ಲಿ ನಿದ್ದೆ ಹೊಡೆದಿದ್ದ ಚಿಕ್ಕಪ್ಪ ಎದ್ದು ಬಂದರು. ಕೈಯಲ್ಲಿ ಸರಪಳಿಯಿತ್ತು.

“ಮರಿ ಒಳಗಿದ್ಯೇನಪ್ಪಾ?” ಎಂದು ಬಗ್ಗಿ ಕೇಳಿದರು.

“ಅವ್ನೆ,” ಎಂದರು ತಾತ.

“ಸರಿ, ನೀನು ಈಚೆಗೆ ಬಾ. ಒಬ್ನೇ ಇರ್ತಾನಾ ನೋಡೋಣ.”

ತಾತ ಅಲುಗಾಡಲಿಲ್ಲ. ಒಳಗೆ ಫ್ಯಾನ್ ಇರಲಿಲ್ಲ, ಹಣೆಯಿಂದ ಬೆವರು ಇಳಿಯುತ್ತಿತ್ತು. ಮಡಚಿದ ಮೊಣಕಾಲನ್ನು ಒಂದು ಕೈಯಲ್ಲಿ ಒತ್ತಿಕೊಳ್ಳುತ್ತಿದ್ದರು. ಇನ್ನೊಂದು ಕೈ ಬೋಂಡನ ಬೆನ್ನ ಮೇಲಿತ್ತು.

“ನಾ ಬರಾಕಿಲ್ಲ,” ಎಂದರು.

“ಎಷ್ಟೊತ್ತು ಅಲ್ಲೇ ಕೂತಿರ್ತೀಯಾ?”

“ನಾ ಕಟ್ಸಿದ್ ಮನೆ ಕಣೋ, ಎಷ್ಟೊತ್ತಾನ ಇರ್ತೀನಿ. ನೀ ಒಲ್ಡು. ಆಮ್ಯಾಕೆ ಟ್ರಾಫಿಕ್ ಆಯ್ತದೆ.”

ಚಿಕ್ಕಪ್ಪ ಅಮ್ಮನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ಸರಪಳಿಯನ್ನು ವ್ಯಾನಿನೊಳಗೆ ಎಸೆದು, ತಲೆ ಆಡಿಸುತ್ತಾ ಹೊರಟರು.

ವ್ಯಾನು ರಸ್ತೆ ತಿರುಗಿದ ಮೇಲೆ ಮನು ತಾತನ ಕೈ ಹಿಡಿದು ಹೊರಗೆ ಎಳೆದ. ಹಿಂದೆಯೇ ಬೋಂಡ ಬಂದ. ಮನೆ ಖಾಲಿಯಾಯಿತೆಂದು ಅಜ್ಜಿ ಗೊಣಗಿದಾಗ ಅಪ್ಪ ಮೊಬೈಲ್ ಹಿಡಿದು ತಾವಾಗಿಯೇ ಅದರೊಳಗೆ ನುಸುಳಿದರು. ಮ್ಯಾಚ್ ನಡೆಯುತ್ತಿತ್ತು.

ತಾತ ಅಮ್ಮನ ಕಡೆ ನೋಡದೆ ದೊಡ್ಡ ಮನೆಯ ಮೆಟ್ಟಿಲು ಹತ್ತತೊಡಗಿದರು. ಒಂದು ಮೆಟ್ಟಿಲು ಹತ್ತಿ ನಿಂತರು. ಇನ್ನೊಂದು ಹತ್ತಿ ಮತ್ತೆ ನಿಂತರು. ಪಾಪ, ಮೊಣಕಾಲು ನೋಯುತ್ತಿದೆ ಎಂದು ಮನು ಕೈ ಕೊಡಲು ಹೋದ.

ಆಗ ಅವನಿಗೆ ಕಂಡಿತು. ತಾತನ ಹಿಂದೆ ಬೋಂಡ ಗಿಡ್ಡ ಕಾಲುಗಳಿಂದ ಒಂದೊಂದೇ ಮೆಟ್ಟಿಲಿಗೆ ಎಗರುತ್ತಿದ್ದ. ಅವನು ಹತ್ತುವ ತನಕ ತಾತ ಹಿಂದೆ ತಿರುಗದೆ ನಿಂತಿರುತ್ತಿದ್ದರು.

ಮನು ಕೈ ಕೊಡಲಿಲ್ಲ. ಓಡಿಹೋಗಿ ಸೊಳ್ಳೆಪರದೆಯ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಇಬ್ಬರೂ ಒಳಗೆ ಬರುವ ತನಕ ನಿಂತುಕೊಂಡ.