ಐವತ್ತು ಜನ, ಒಬ್ಬಳೇ

"ಈ ಐವತ್ತು ಜನ ಹೆಂಗಸರೂ ಒಬ್ಬಳೇ ಕಣಪ್ಪ," ಎಂದರು ರಾಗಿಣಿ ಮ್ಯಾಮ್.

ಸಂಪತ್ ತಲೆ ತಗ್ಗಿಸಿದ. ಪಕ್ಕದ ಕುರ್ಚಿಯಲ್ಲಿದ್ದ ಇಂಚರಾ ಮಾತ್ರ ಏನೂ ಅರ್ಥವಾಗದೆ ಇನ್ನೂ ನಗುತ್ತಲೇ ಇದ್ದಳು. ಆ ನಗು ಇನ್ನೆಷ್ಟು ಹೊತ್ತು ಇರುತ್ತದೆ ಎಂಬುದು ಇಡೀ ಸ್ಟಾಫ್ ರೂಮಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ವಿಜಯನಗರದ ಆ ಕಾಲೇಜಿನಲ್ಲಿ ಬಿಬಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಇವರಿಬ್ಬರೂ ಜೋಡಿ, ರಾಗಿಣಿ ಮ್ಯಾಮ್ ಗೈಡ್. ಗೃಹಿಣಿಯರು ದಿನಸಿಯನ್ನು ಆ್ಯಪ್‌ನಲ್ಲಿ ತರಿಸುತ್ತಾರೋ ಅಂಗಡಿಗೇ ಹೋಗುತ್ತಾರೋ, ಯಾಕೆ, ಅನ್ನುವುದು ವಿಷಯ. ನೂರು ಜನರ ಬಾಗಿಲು ತಟ್ಟಿ, ಕೇಳಿ, ಫಾರಂ ತುಂಬಿಸಬೇಕು. ಹೇರೋಹಳ್ಳಿ, ನಾಗರಬಾವಿ ಕಡೆಯ ಐವತ್ತು ಸಂಪತ್‌ನ ಪಾಲು. ಬಸವೇಶ್ವರನಗರದ ಐವತ್ತು ಇಂಚರಾಳ ಪಾಲು.

"ಹನ್ನೆರಡನೇ ಫಾರಂ, ಮೂವತ್ತನಾಲ್ಕು ವರ್ಷ," ಮ್ಯಾಮ್ ಓದಿದರು. "ಆ್ಯಪ್ ಯಾಕೆ ಬೇಡ? ಕೊತ್ತಂಬರಿ ಸೊಪ್ಪು ಮೂಸಿ ನೋಡೋಕಾಗಲ್ಲ. ಇಪ್ಪತ್ತೇಳನೇದು, ಐವತ್ತೊಂದು ವರ್ಷ. ಅಂಗಡಿ ಬೆಕ್ಕನ್ನ ಮಾತಾಡಿಸೋಕಾಗಲ್ಲ. ನಲವತ್ತನೇದು, ಅರವತ್ತಮೂರು ವರ್ಷದ ವಿಮಲಮ್ಮ. ಮಳೆ ಬಂದ್ರೆ ಖಾರ ಬನ್ ತಿನ್ನಲೇಬೇಕು, ಅದಕ್ಕೆ ಅಂಗಡಿಗೇ ಹೋಗ್ತಾರಂತೆ. ಬಿಲ್ ಕೊಟ್ಟರೆ ಐವತ್ತೂ ಜನ ಅದನ್ನ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕ್ಕೋತಾರೆ. ಏನಮ್ಮ ಇಂಚರಾ, ಬಸವೇಶ್ವರನಗರದಲ್ಲಿ ಬಿಲ್ ಮಡಿಚೋಕೆ ಟ್ರೈನಿಂಗ್ ಕೊಡ್ತಾರಾ?"

ಇಂಚರಾಳ ನಗು ನಿಂತಿತು. ಅವಳ ಕೈಯಲ್ಲಿ ಕ್ಯಾಂಟೀನಿನ ಬಿಲ್ ಇತ್ತು. ನಾಲ್ಕು ಮಡಿಕೆ ಆಗಿತ್ತು.

ಅವಳು ನಿಧಾನವಾಗಿ ಸಂಪತ್‌ನ ಕಡೆ ತಿರುಗಿದಳು. ಮೂರು ವರ್ಷದಿಂದ ಆ ಕಣ್ಣುಗಳು ತನ್ನ ಕಡೆ ಹಾಗೆ ನೆಟ್ಟಗೆ ತಿರುಗಲಿ ಎಂದು ಕಾದಿದ್ದ ಹುಡುಗ, ಈಗ ನೆಲ ಬಾಯಿಬಿಟ್ಟರೆ ಸಾಕು ಎಂದುಕೊಂಡ.

"ಫಾರಂನಲ್ಲಿದ್ದ ಒಂದು ನಂಬರಿಗೆ ಫೋನ್ ಮಾಡಿದೆ," ಮ್ಯಾಮ್ ಕನ್ನಡಕ ತೆಗೆದರು. "ಬೋರಮ್ಮ ಅಂತ ಯಾರೋ ಎತ್ತಿದ್ರು. ಸರ್ವೆ ಅಂದ್ರೆ ಯಾವ ಜಮೀನಿಂದು ಅಂದ್ರು. ಆಮೇಲೆ, ನಮ್ಮ ಸಂಪತ್ತು ಊಟ ಮಾಡಿದ್ನಾ ಅಂತ ಕೇಳಿದ್ರು."

"ನಮ್ಮತ್ತೆ ಮ್ಯಾಮ್," ಎಂದ ಸಂಪತ್. ಬೇರೆ ಏನು ತಾನೆ ಹೇಳಿಯಾನು?

ನಡೆದದ್ದು ಇಷ್ಟೇ. ಏಪ್ರಿಲ್‌ನಲ್ಲಿ ಇಂಚರಾ ಜ್ವರ ಬಂದು ಹತ್ತು ದಿನ ಮಲಗಿದ್ದಳು. "ನನ್ನ ಐವತ್ತು ಏನೋ ಮಾಡೋದು?" ಎಂದು ಫೋನಿನಲ್ಲಿ ಅತ್ತಾಗ, "ನಾನಿದೀನಲ್ಲ" ಎಂದುಬಿಟ್ಟ. ತನ್ನ ಐವತ್ತನ್ನು ಅವನು ಪ್ರಾಮಾಣಿಕವಾಗಿಯೇ ಮಾಡಿದ್ದ; ಹೇರೋಹಳ್ಳಿಯಲ್ಲಿ ಬೈರಪ್ಪನವರ ಮಗ ಅಂದರೆ ಎಲ್ಲ ಬಾಗಿಲೂ ತೆಗೆಯುತ್ತವೆ. ಬಸವೇಶ್ವರನಗರದಲ್ಲಿ ಬೈರಪ್ಪ ಯಾರೆಂದು ಯಾರಿಗೆ ಗೊತ್ತು? ಮೊದಲನೇ ಮನೆಯಲ್ಲಿ ನಾಯಿ, ಎರಡನೆಯದರಲ್ಲಿ "ಏನೂ ಬೇಡ ಹೋಗಪ್ಪ", ಮೂರನೆಯದರಲ್ಲಿ ಕಿಟಕಿಯ ಪರದೆ ಅಲ್ಲಾಡಿತು, ಅಷ್ಟೇ. ನಾಲ್ಕನೇ ಮನೆಗೆ ಹೋಗದೆ ಬೇಕರಿಯಲ್ಲಿ ಕೂತು, ನಾಲ್ಕು ಬಣ್ಣದ ಪೆನ್ನು ಹಿಡಿದು, ಐವತ್ತು ಹೆಂಗಸರನ್ನು ತಾನೇ ಸೃಷ್ಟಿಸಿದ. ಬೇರೆ ಬೇರೆ ವಯಸ್ಸು ಕೊಟ್ಟ, ಹೆಸರು ಕೊಟ್ಟ. ಆದರೆ ಪೆನ್ನು ಹಿಡಿದರೆ ಬರುತ್ತಿದ್ದವಳು ಒಬ್ಬಳೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ.

ಜ್ವರ ಬಿಟ್ಟ ಮೇಲೆ ಇಂಚರಾ ಆ ಫಾರಂಗಳನ್ನು ಓದಲಿಲ್ಲ. ಸಂಪತ್ ಕಳಿಸಿದ ಲೆಕ್ಕದ ಪಟ್ಟಿಯಿಂದ ಬಣ್ಣಬಣ್ಣದ ಚಾರ್ಟ್ ಮಾಡಿ, 'ಬಸವೇಶ್ವರನಗರದ ಮಹಿಳೆಯರ ಅಭಿಪ್ರಾಯದಲ್ಲಿ ಆಶ್ಚರ್ಯಕರ ಒಮ್ಮತವಿದೆ' ಎಂದು ಬರೆದಿದ್ದಳು. ಪಾಪ!

"ಸೋಮವಾರ ಹತ್ತು ಗಂಟೆಗೆ ವೈವಾ," ಎಂದರು ಮ್ಯಾಮ್. "ಒಂಬತ್ತಕ್ಕೆ ನಿಜವಾದ ಫಾರಂ ನನ್ನ ಟೇಬಲ್ ಮೇಲೆ ಇರ್ಬೇಕು. ಇಲ್ಲಾಂದ್ರೆ ನಾನು ಸೈನ್ ಹಾಕಲ್ಲ. ಸೈನ್ ಇಲ್ದೆ ವೈವಾ ಇಲ್ಲ, ವೈವಾ ಇಲ್ದೆ ರಿಸಲ್ಟ್ ಇಲ್ಲ."

ಅಂದು ಗುರುವಾರ.

ಕಾರಿಡಾರಿನಲ್ಲಿ ಇಂಚರಾ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು.

"ಜುಲೈನಲ್ಲಿ ಜಾಯಿನ್ ಆಗ್ಬೇಕು ನಾನು," ಎಂದಳು ಮೆಲ್ಲಗೆ. "ಒಂದು ಸಬ್ಜೆಕ್ಟ್ ಉಳಿದ್ರೂ ಕೆಲಸ ಇಲ್ಲ ಅಂತ ಆಫರ್ ಲೆಟರ್‌ನಲ್ಲೇ ಬರ್ದಿದಾರೆ. ಗೊತ್ತು ತಾನೆ ನಿಂಗೆ?"

ಗೊತ್ತಿತ್ತು. ಅವಳ ತಂದೆ ಲಕ್ಷ್ಮೀಪತಿ ರಾಜಾಜಿನಗರದಲ್ಲಿ ಹೆಸರುವಾಸಿ ಆಡಿಟರ್. ಮಗಳು ಸಿಎ ಮಾಡಲಿ ಎಂದರೆ ಅವಳು ಹಟ ಹಿಡಿದು ಬಿಬಿಎ ಸೇರಿದ್ದಳು. 'ಬೇರೇನೂ ಬರದೇ ಇರೋರು ಓದೋ ಕೋರ್ಸು' ಎಂದವರು ಮೂರು ವರ್ಷ ಅವಳ ಮಾರ್ಕ್ಸ್ ಕಾರ್ಡನ್ನು ಕಣ್ಣೆತ್ತಿ ನೋಡಿರಲಿಲ್ಲ. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕ ದಿನ ಮಾತ್ರ ತಾವೇ ಹೋಗಿ ಮೈಸೂರ್ ಪಾಕ್ ತಂದಿದ್ದರು. ಆ ಒಂದು ಡಬ್ಬಿಯ ಕಥೆಯನ್ನು ಇಂಚರಾ ಸಂಪತ್‌ಗೆ ಹತ್ತು ಸಲ ಹೇಳಿದ್ದಳು.

"ಇಂಚರಾ, ನಾನು ಎಲ್ಲಾ ಮಾಡ್ತೀನಿ. ಮೂರು ದಿನದಲ್ಲಿ..."

"ನೀನು ಏನೂ ಮಾಡ್ಬೇಡ. ಮಾಡಿದ್ದು ಸಾಕು. ನನ್ನ ಹಿಂದೆ ಬರಲೂ ಬೇಡ."

ಶುಕ್ರವಾರವೆಲ್ಲ ಸಂಪತ್ ಮನೆಯಲ್ಲಿ ಫೋನ್ ಮುಂದಿಟ್ಟುಕೊಂಡು ಕೂತಿದ್ದ. ಕೈಕಾಲು ಗಟ್ಟಿಯಿದ್ದೂ ಕಟ್ಟಿಹಾಕಿದಂತಿತ್ತು. ಮೇ ತಿಂಗಳ ಬಿಸಿಲಲ್ಲಿ ಅವಳು ಒಬ್ಬಳೇ ಗೇಟುಗೇಟು ತಿರುಗುತ್ತಿದ್ದಾಳೆ. ಹೋದರೆ ಸಿಟ್ಟಾಗುತ್ತಾಳೆ, ಹೋಗದಿದ್ದರೆ ಇವನ ಜೀವ ನಿಲ್ಲುವುದಿಲ್ಲ. ಅಮ್ಮ ಮುದ್ದೆ ಬಡಿಸಿದರೆ ಎರಡು ತುತ್ತು ನುಂಗಿ ಎದ್ದ. ಸಂಜೆ ಆರಕ್ಕೆ ಮೆಸೇಜ್ ಬಂತು: "ಏಳೇ ಫಾರಂ ಆಗಿದ್ದು. ನಾಳೆ ಎಂಟಕ್ಕೆ ಹಾವನೂರು ಸರ್ಕಲ್‌ಗೆ ಬಾ. ಬ್ಯಾಗ್ ಹಿಡ್ಕೊ. ಮಾತಾಡ್ಬೇಡ."

ಏಳೂಮುಕ್ಕಾಲಿಗೇ ಹೋಗಿ ನಿಂತ.

ಬಿಸಿಲಿಗೆ ಅವಳ ಮೂಗು ಕೆಂಪಾಗಿತ್ತು. ದುಪಟ್ಟಾ ತಲೆ ಮೇಲೆ ಹೊದ್ದುಕೊಂಡಿದ್ದಳು. ಬ್ಯಾಗು ಅವನ ಕೈಗಿತ್ತು ಮುಂದೆ ನಡೆದಳು. ಅವನು ಎರಡು ಹೆಜ್ಜೆ ಹಿಂದೆ ನಡೆದ, ಬಾಯಿಗೆ ಬೀಗ. ಅವಳು ಬೆಲ್ ಒತ್ತಿ, "ಆಂಟಿ, ನಾವು ಏನೂ ಮಾರೋಕೆ ಬಂದಿಲ್ಲ, ಸ್ಟೂಡೆಂಟ್ಸು" ಎನ್ನುವುದು. ಆಂಟಿ ಅನುಮಾನದಿಂದ ಅವನನ್ನು ಮೇಲಿಂದ ಕೆಳಗೆ ನೋಡುವುದು. ಅವನು ಬೆಪ್ಪನ ಹಾಗೆ ಬ್ಯಾಗ್ ಎತ್ತಿ ತೋರಿಸುವುದು. ಹತ್ತು ಮನೆ ಕೇಳಿದರೆ ಮೂರರಲ್ಲಿ ಉತ್ತರ ಸಿಗುತ್ತಿತ್ತು.

ಹದಿನೆಂಟನೇ ಫಾರಂ ಬಸವರಾಜೇಶ್ವರಿ ಎಂಬವರದು. ಮಜ್ಜಿಗೆ ಕೊಟ್ಟು, ಜಗಲಿ ಮೇಲೆ ಕೂರಿಸಿಕೊಂಡು ಪೂರ್ತಿ ಉತ್ತರ ಹೇಳಿದ ಪುಣ್ಯಾತ್ಗಿತ್ತಿ. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು.

"ನೀವಿಬ್ರೂ ಅಣ್ಣ ತಂಗೀನಾ?"

"ಅಲ್ಲ!" ಎರಡು ಗಂಟಲಿಂದ ಒಂದೇ ಸಲ ಬಂತು. ಸಂಪತ್‌ನದು ಜೋರಾಗಿತ್ತು, ಆದರೆ ಇಂಚರಾಳದು ಮೊದಲು ಬಂದಿತ್ತು.

ಗೇಟು ದಾಟಿದ ಮೇಲೆ ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದುದನ್ನು ಅವನು ಓರೆಗಣ್ಣಲ್ಲಿ ಕಂಡ. ಕಂಡದ್ದು ಅವಳಿಗೂ ಗೊತ್ತಾಯಿತು.

"ಏನು ನೋಡ್ತೀಯಾ? ನಡಿ."

"ಮಾತಾಡ್ಬೇಡ ಅಂದಿದೀಯಲ್ಲ."

"ನೋಡು ಅಂತಾನೂ ಅಂದಿಲ್ಲ."

ಸೊಪ್ಪಿನ ಗಾಡಿಯವಳು ಎದುರಾದಾಗ ಇಂಚರಾ ತಾನಾಗಿಯೇ ನಿಂತಳು. ಒಂದು ಕಟ್ಟು ಕೊತ್ತಂಬರಿ ಎತ್ತಿ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದಳು.

"ಇದನ್ನೂ ಫಾರಂನಲ್ಲಿ ಬರ್ದೆ ನೀನು," ಎಂದಳು. "ಯಾಕೆ ಮೂಸ್ತೀನಿ ಗೊತ್ತಾ?"

"ಫ್ರೆಶ್ ಇದೆಯಾ ಅಂತ..."

"ಪಿಯುಸಿಯಲ್ಲಿ ಕೋವಿಡ್ ಬಂತಲ್ಲ, ಆಗ ವಾಸನೆ ಹೋಯ್ತು. ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಇವತ್ತು ಬರುತ್ತೇನೋ ಅಂತ ಪ್ರತಿ ಸಲ ನೋಡ್ತೀನಿ." ಕಟ್ಟನ್ನು ಗಾಡಿಯ ಮೇಲಿಟ್ಟಳು. "ಮೂರು ವರ್ಷ ನೋಡಿದೀಯಾ. ಒಂದು ಸಲ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಅವಳ ಎಲ್ಲವೂ ತನಗೆ ಗೊತ್ತು ಎಂದು ಬೀಗುತ್ತಿದ್ದವನು ಸಂಪತ್! ನಾಚಿಕೆಯಿಂದ ಅವನ ಕಣ್ಣು ತುಂಬಿತು. ಸಮಾಧಾನ ಮಾಡುವ ಹಕ್ಕೂ ತನಗಿಲ್ಲವಲ್ಲ ಎಂದುಕೊಂಡು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

ಭಾನುವಾರ ಸಂಜೆಗೆ ನಲವತ್ತಾರಾಯಿತು. ಅಲ್ಲಿಗೆ ಬೀದಿಯೇ ಮುಗಿದುಹೋದಂತಿತ್ತು. ಯಾರೋ ಮದುವೆಗೆ ಹೋಗಿದ್ದರು, ಯಾರೋ ಕ್ರಿಕೆಟ್ ನೋಡುತ್ತಾ ಬಾಗಿಲು ತೆಗೆಯಲಿಲ್ಲ. ಇಂಚರಾ ಒಂದು ಮನೆಯ ಕಾಂಪೌಂಡಿನ ಹೊರಗಿನ ಕಟ್ಟೆ ಮೇಲೆ ಕುಸಿದು ಕೂತಳು. ಚಪ್ಪಲಿ ಬಿಟ್ಟರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ತಡೆದಿದ್ದ ಅಳು ಬಂದೇಬಿಟ್ಟಿತು.

"ನಾಲ್ಕೇ ನಾಲ್ಕು ಕಣೋ. ಅಪ್ಪ ನಾಳೆ ಕಾಲೇಜಿಗೇ ಬರ್ತಾರಂತೆ, ವೈವಾ ಆದ್ಮೇಲೆ ಊಟಕ್ಕೆ ಹೋಗೋಣ ಅಂತ. ಅವರಿಗೆ ಏನಂತ ಹೇಳ್ಲಿ? ಕೊಡು ಪೆನ್ನು. ನಾವೇ ತುಂಬಿಬಿಡೋಣ."

ಸಂಪತ್ ಪೆನ್ನು ಕೊಡಲಿಲ್ಲ.

"ಕೊಡೋ! ಈಗ ಹರಿಶ್ಚಂದ್ರ ಆಗ್ಬಿಟ್ಯಾ?"

"ನಂಗೆ ತುಂಬೋಕೆ ಬರಲ್ಲ ಇಂಚರಾ." ಅವನು ಪೆನ್ನನ್ನು ಜೇಬಿಗೆ ಸೇರಿಸಿದ. "ಯಾರನ್ನ ಬರೆಯೋಕೆ ಹೋದ್ರೂ ನೀನೇ ಬರ್ತೀಯಾ. ಅವತ್ತೂ ಬೇಕು ಅಂತ ಮಾಡ್ಲಿಲ್ಲ. ಆ ಅರವತ್ತಮೂರು ವರ್ಷದ ವಿಮಲಮ್ಮನ್ನಾದ್ರೂ ಬೇರೆ ಥರ ಮಾಡೋಣ ಅಂತ ತುಂಬಾ ಒದ್ದಾಡ್ದೆ. ಆಗ್ಲಿಲ್ಲ. ನಾನೇನ್ ಮಾಡ್ಲಿ?"

ಇಂಚರಾ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಒಂದು ಆಟೋ ಹೋಯಿತು, ಒಂದು ನಾಯಿ ಹೋಯಿತು. ಅವನು ಮುಖ ಎಲ್ಲಿಡುವುದೆಂದು ತಿಳಿಯದೆ ಅವಳ ಚಪ್ಪಲಿಯನ್ನು ನೋಡುತ್ತ ನಿಂತ.

"ಎಲ್ಲಾ ಹೇಳ್ಬಿಟ್ಟು ಚಪ್ಪಲಿ ನೋಡ್ತಾನೆ," ಎಂದಳು ಕಣ್ಣೊರೆಸಿಕೊಂಡು. ದನಿಯಲ್ಲಿ ಸಿಟ್ಟಿರಲಿಲ್ಲ. "ನಡಿ, ನಲವತ್ತಾರೇ ತಗೊಂಡು ಹೋಗ್ತೀನಿ. ಆಗೋದಾಗ್ಲಿ."

ಸೋಮವಾರ ರಾಗಿಣಿ ಮ್ಯಾಮ್ ನಲವತ್ತಾರು ಫಾರಂಗಳನ್ನು ಒಂದೊಂದಾಗಿ ತಿರುವಿದರು. ಅಲ್ಲಿ ಬೈದವರಿದ್ದರು, ಅರ್ಧಕ್ಕೆ ಎದ್ದು ಹೋದವರಿದ್ದರು, ಆ್ಯಪ್ ಇಲ್ಲದಿದ್ದರೆ ಬದುಕೇ ಇಲ್ಲ ಎಂದವರೂ ಇದ್ದರು.

"ಇನ್ನು ನಾಲ್ಕು?"

"ಬಾಗಿಲು ತೆಗೀಲಿಲ್ಲ ಮ್ಯಾಮ್," ಎಂದಳು ಇಂಚರಾ.

ಮ್ಯಾಮ್ ಇಬ್ಬರ ಮುಖವನ್ನೂ ನೋಡಿದರು. ಆ ಅರ್ಧ ನಿಮಿಷದಲ್ಲಿ ಸಂಪತ್ ಮನೆದೇವರಿಗೆ ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ.

"ತೊಂಬತ್ತಾರು ಜನ ಅಂತ ತಿದ್ದಿ, ಚಾರ್ಟೂ ಹೊಸದಾಗಿ ಮಾಡಿ, ಆ ಪುಟಗಳನ್ನ ಮತ್ತೆ ಪ್ರಿಂಟ್ ತಗೊಂಡ್ಬನ್ನಿ," ಎಂದು ಪೆನ್ನು ತೆಗೆದರು. "ಸಂಪತ್, ನಿನ್ನ ಇಂಟರ್ನಲ್ ಮಾರ್ಕ್ಸ್ ಅರ್ಧ ಕಟ್. ಕೇಳ್ಬೇಡ."

ಅವನು ಕೇಳಲಿಲ್ಲ. ಕುಣಿಯದೇ ಇದ್ದದ್ದೇ ಹೆಚ್ಚು.

ವೈವಾ ಮುಗಿದಾಗ ಹನ್ನೆರಡಾಗಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ತೊಂಬತ್ತಾರು ಯಾಕೆಂದು ಕೇಳಿ, ಇಂಚರಾ ಹೇಳಿದ್ದನ್ನು ಕೇಳಿ ತಲೆದೂಗಿ, 'ಗುಡ್' ಅಂದಿದ್ದರು. ಇಬ್ಬರೂ ಮೆಟ್ಟಿಲಿಳಿದು ಬಂದರು. ಗೇಟಿನಾಚೆ ಲಕ್ಷ್ಮೀಪತಿ ಸ್ಕೂಟರಿನ ಮೇಲೆ ಕೂತು ವಾಚು ನೋಡಿಕೊಳ್ಳುತ್ತಿದ್ದರು.

ಇಂಚರಾ ಕಂಬದ ಮರೆಯಲ್ಲಿ ನಿಂತಳು. "ಎರಡು ನಿಮಿಷ ಇದೆ. ಕೇಳು."

"ಏನು?"

"ನೂರು ಪ್ರಶ್ನೆ ಕೇಳಿದೀಯಾ ಮನೆಮನೆಗೆ ಹೋಗಿ. ನನ್ನ ಒಂದು ಕೇಳೋಕೆ ಬಾಯಿ ಬರಲ್ವಾ?"

ಸಂಪತ್ ಉಸಿರೆಳೆದುಕೊಂಡ. "ನಾನು ಅಂದ್ರೆ ನಿಂಗೆ ಇಷ್ಟಾನಾ?"

"ಇಷ್ಟ ಕಣೋ. ತುಂಬಾ ಇಷ್ಟ. ಅದೇ ಕಷ್ಟ ಆಗಿರೋದು." ಅವಳು ಗೇಟಿನ ಕಡೆ ನೋಡಿದಳು. "ಈಗಷ್ಟೇ ಅಪ್ಪ ನನ್ನ ಹತ್ರ ಸರಿಯಾಗಿ ಮಾತಾಡ್ತಿದಾರೆ. ಕೆಲಸಕ್ಕೆ ಸೇರಿ ಒಂದು ವರ್ಷ ಆಗ್ಲಿ, ನಾನೇ ಹೇಳ್ತೀನಿ. ಅಲ್ಲೀವರೆಗೂ ನೀನು ನಮ್ಮ ಮನೆ ಕಡೆ ಬರೋ ಹಾಗಿಲ್ಲ. ಕಾಯೋಕಾಗುತ್ತಾ?"

"ಆಗುತ್ತೆ!"

"ಯೋಚನೆ ಮಾಡಿ ಹೇಳು."

ಅವನು ಯೋಚಿಸಿದ. ಮುಖ ಬಾಡಿತು. "ಆಗಲ್ಲ ಅನ್ಸುತ್ತೆ. ಆದ್ರೂ ಕಾಯ್ತೀನಿ."

ಇಂಚರಾ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಅವನ ಅಂಗಿಯ ತೋಳನ್ನು ಒಂದು ಕ್ಷಣ ಹಿಡಿದು, ಬಿಟ್ಟು, ಓಡಿದಳು.

ಸ್ಕೂಟರ್ ಹೊರಟಿತು. ಅಪ್ಪನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದವಳು ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಸಂಪತ್ ಕಾದ. ರಸ್ತೆಯ ತಿರುವು ಬಂತು, ಸ್ಕೂಟರ್ ಮರೆಯಾಯಿತು. ಅವಳು ತಿರುಗಲೇ ಇಲ್ಲ.

ಅವನ ಮನಸ್ಸು ಆಗಲೇ ಹತ್ತು ಕಾರಣ ಕಟ್ಟತೊಡಗಿತ್ತು. ಬೇಡ ಎಂದುಕೊಂಡು ಫೋನ್ ತೆಗೆದು ಕೇಳಿದ: "ಯಾಕೆ ತಿರುಗಿ ನೋಡ್ಲಿಲ್ಲ?"

ಹತ್ತು ನಿಮಿಷದ ಮೇಲೆ ಉತ್ತರ ಬಂತು.

"ನೋಡಿದ್ರೆ ಇಳಿದುಬಿಡ್ತಿದ್ದೆ."