ಎಂಜಿನ್ನಿಗೆ ನಕ್ಕವಳು

ಬೆಳಿಗ್ಗೆ ನಗುವವನು ಸಂಜೆ ಯಾಕೆ ನಗುವುದಿಲ್ಲ? ಜಡೆ ಹೆಣೆಯುತ್ತ ಅವಳು ತನ್ನನ್ನೇ ಕೇಳಿಕೊಂಡಳು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವಳಿಗೆ ಇದೆಂಥ ಚಿಂತೆ ಎಂದು ನಾಚಿಕೆಯೂ ಆಯಿತು.

ಬೆಳಗಿನ ಲೋಕಲ್ ಟ್ರೈನು ಬರುವಾಗ ಹಳದಿ ಮೂತಿಯ ಡೀಸೆಲ್ ಎಂಜಿನ್ ಮುಂದಿರುತ್ತಿತ್ತು. ಕಿಟಕಿಯಿಂದ ಡ್ರೈವರ್ ಇಣುಕಿ, ನಕ್ಕು, ಹುಬ್ಬು ಹಾರಿಸುತ್ತಿದ್ದ. ಅವಳು ತನ್ನ ಕೊಡೆಯ ಹಿಡಿಕೆಯನ್ನು ನೋಡಿ ನಕ್ಕು, ಡಬ್ಬಿ ಹತ್ತಿಬಿಡುತ್ತಿದ್ದಳು.

ಸಂಜೆ ಪೇಟೆಯ ಕೊನೇ ಸ್ಟೇಷನ್ನಿನಲ್ಲಿ ಅದೇ ಎಂಜಿನ್ ಗೇಟಿನ ಪಕ್ಕದಲ್ಲೇ ಗುರುಗುಡುತ್ತ ನಿಂತಿರುತ್ತಿತ್ತು. ವಾಪಸು ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ತಳ್ಳಿದರೇನು, ಡ್ರೈವರ್ ಎಂಜಿನ್ನಿನಲ್ಲೇ ತಾನೇ ಇರುವುದು? ಇಲ್ಲದ ಧೈರ್ಯ ತಂದುಕೊಂಡು ಅದರ ಕಿಟಕಿಯ ಕಪ್ಪು ಗಾಜಿನ ಕೆಳಗೆ ನಿಂತು, ಮುಖವೆತ್ತಿ ನಗುತ್ತಿದ್ದಳು. ಗಾಜಿನಾಚೆಯಿಂದ ಯಾರೂ ಹುಬ್ಬು ಹಾರಿಸುತ್ತಿರಲಿಲ್ಲ. ಎಷ್ಟು ಕೊಬ್ಬು, ಎಂದು ಮುಖ ಊದಿಸಿಕೊಂಡು ಹತ್ತಿರದ ಡಬ್ಬಿ ಹತ್ತುತ್ತಿದ್ದಳು.

ಇವತ್ತು ಬೆಳಿಗ್ಗೆ ಅವನೇ ಬಾಯಿಬಿಟ್ಟ. "ನಾಳೆಯಿಂದ ನನ್ನನ್ನ ಬೇರೆ ಲೈನಿಗೆ ಹಾಕಿದಾರೆ ರೀ. ಸಂಜೆ ಆದ್ರೂ ಒಂದು ಮಾತಾಡ್ತೀರಾ?"

ಸಂಜೆ ಅವಳು ಗಾಜಿನ ಕೆಳಗೆ ನಿಂತು ಗಂಟಲು ಸರಿಮಾಡಿಕೊಂಡಳು. "ರೀ... ಒಂದ್ನಿಮಿಷ."

ಪಕ್ಕದ ಬಾಗಿಲು ತೆರೆದು, ಕೈಯೆಲ್ಲ ಗ್ರೀಸಾದ ಮೀಸೆ ಮೆಕ್ಯಾನಿಕ್ ತಲೆ ಹಾಕಿದ. "ನನ್ನನ್ನಾ ಕರೆದದ್ದು, ಮಗಳೇ?"

"ಅಲ್ಲ... ಡ್ರೈವರ್..."

"ಇಲ್ಲೆಲ್ಲಿ ಡ್ರೈವರ್ರು! ಸಂಜೆ ಇದು ಡೀಸೆಲ್ ಕುಡಿದು, ಕರೆಂಟು ಮಾಡಿ, ತಳ್ಳತ್ತೆ ಅಷ್ಟೇ. ಆ ತುದಿ ಡಬ್ಬೀಲೂ ಓಡಿಸೋ ಹ್ಯಾಂಡಲ್ ಇದೆ, ಅವನು ಅಲ್ಲಿ ಕೂತು ಓಡಿಸ್ತಾನೆ."

"ಹಾಗಾದ್ರೆ ದಿನಾ ಇಲ್ಲಿ..."

"ಈ ಕಿಟಕಿ ಹಿಂದೆ ಒಂದು ನರಪಿಳ್ಳೇನೂ ಇರಲ್ಲ." ಮೀಸೆ ಕುಣಿಯಿತು. "ಓಹೋ, ಖಾಲಿ ಕಿಟಕಿಗೆ ನಗೋ ಹುಡುಗಿ ನೀನೇನಾ? ನಮ್ಮ ಎಂಜಿನ್ನಿಗೇ ಮನಸೋತಿದಾಳೆ ಅಂದ್ಕೊಂಡಿದ್ವಲ್ಲೇ! ಓಡು, ಓಡು, ಸಿಗ್ನಲ್ ಬೀಳತ್ತೆ!"

ಅವಳು ಓಡಿದಳು. ಬ್ಯಾಗು ಒಂದು ಕಡೆ, ಕೊಡೆ ಒಂದು ಕಡೆ. ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ಕೊನೆಯ ಕಿಟಕಿಯಲ್ಲಿ ಅವನಿದ್ದ, ಮುಖ ಗಂಟು ಹಾಕಿಕೊಂಡು.

"ಬೆಳಿಗ್ಗೆ ನಗ್ತೀರಿ, ಸಂಜೆ ಈ ಕಡೆ ತಲೆನೂ ಹಾಕಲ್ಲ. ಇಷ್ಟ ಇಲ್ಲ ಅಂದ್ರೆ ಹೇಳಿಬಿಡ್ಬಾರ್ದಾ?"

ಸಿಗ್ನಲ್ ಹಸಿರಾಯಿತು. ಅವನ ಕೈ ಹ್ಯಾಂಡಲಿನತ್ತ ಹೋಯಿತು. ಆಫೀಸು, ರಶ್ಶು, ತಲೆನೋವು, ನೆವಗಳೆಲ್ಲ ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು. ಅವಳು ಅಷ್ಟನ್ನೂ ನುಂಗಿಕೊಂಡಳು.

"ದಿನಾ ಸಂಜೆ ನಿಮಗೋಸ್ಕರಾನೇ ನಿಂತಿರ್ತಿದ್ದೆ," ಎಂದಳು, ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಎಂಜಿನ್ ಹತ್ರ!"