ಸುಳ್ಳು ಕಣ

"ಸಿಕ್ತು ಕಣ್ರೀ," ಎಂದು ಅವನು ಅವಳ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ಮುಖ ಮಾತ್ರ ಎಂದಿನಂತೆ ಬಸ್ಸಿಗೆ ಕಾಯುವವನದು.

ಅವಳ ಮುಖದ ಬಣ್ಣ ಇಳಿಯಿತು. ಅವನಿಗೆ ಸಿಕ್ಕಿದ್ದನ್ನು ಕಂಪ್ಯೂಟರಿನೊಳಗೆ ಇಟ್ಟವಳೇ ಅವಳು.

ಅವರ ಸಂಶೋಧನಾ ಕೇಂದ್ರದ ಬಯಲಿನ ತುಂಬ ನೀರಿನ ಟ್ಯಾಂಕುಗಳು. ಬಾಹ್ಯಾಕಾಶದಿಂದ ಭಾರೀ ಶಕ್ತಿಯ ಕಣವೊಂದು ಬಂದು ಗಾಳಿಗೆ ಬಡಿದರೆ ಚೂರುಚೂರಾಗಿ ಸುರಿಯುತ್ತದೆ. ಟ್ಯಾಂಕುಗಳೊಳಗೆ ಮಿಣಕ್ಕೆಂದು ಬೆಳಕಾಗುತ್ತದೆ. ಆ ಕಣ ಬಂದದ್ದು ಎಲ್ಲಿಂದ? ಹಗುರದ ಪ್ರೋಟಾನೋ, ಭಾರದ ಕಬ್ಬಿಣದ ನ್ಯೂಕ್ಲಿಯಸ್ಸೋ? ಇದಕ್ಕೆ ಇಡೀ ಕಟ್ಟಡವೇ ತಲೆ ಕೆಡಿಸಿಕೊಂಡಿತ್ತು. ಅವನು ಮೊದಲಿನಿಂದಲೂ ಕಬ್ಬಿಣದ ಪಕ್ಷ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಕಬ್ಬಿಣದ ಕಡಲೆ'.

ಸಂಶೋಧಕರು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಅಲ್ಲೊಂದು ಪದ್ಧತಿ. ವರ್ಷಕ್ಕೊಮ್ಮೆ ಯಾರಾದರೊಬ್ಬರು ಬಾರದ ಕಣವೊಂದು ಬಂದಂತೆ ಸುಳ್ಳು ದಾಖಲೆಯನ್ನು ಗುಟ್ಟಾಗಿ ಕಂಪ್ಯೂಟರಿಗೆ ಸೇರಿಸಬೇಕು. ಈ ಸಲ ನಿರ್ದೇಶಕಿ ಅದನ್ನು ಅವಳಿಗೆ ಒಪ್ಪಿಸಿದ್ದರು. ಗುಟ್ಟು ಬಯಲು ಮಾಡುವ ಮೀಟಿಂಗಿನವರೆಗೆ ಬಾಯಿ ಬಿಡುವಂತಿರಲಿಲ್ಲ.

"ಕಬ್ಬಿಣನಾ?" ಎಂದಳು, ಏನೂ ತಿಳಿಯದವಳಂತೆ.

"ಕಬ್ಬಿಣವೇ. ಪ್ರೋಟಾನ್ ಆಗಿದ್ರೆ ಹೆಚ್ಚುಕಡಿಮೆ ನೆಟ್ಟಗೆ ಬರ್ತಿತ್ತು, ಅದರ ಮನೆ ಎಲ್ಲಿ ಅಂತ ಹೇಳಬಹುದಿತ್ತು. ಇದು ದಾರೀಲಿ ಸಿಕ್ಕ ಕಾಂತಕ್ಷೇತ್ರಕ್ಕೆಲ್ಲ ಬಾಗಿ, ಊರೆಲ್ಲ ಸುತ್ತಿ ಬರುತ್ತೆ."

"ನಿಮ್ಮ ಹಾಗೇ."

ಅವಳ ಮೇಜಿಗೆ ಬರಬೇಕಾದರೆ ಅವನು ಸ್ಟೋರ್‌ರೂಮ್, ಕಾಫಿ ಮಷಿನ್ ಎಲ್ಲ ಸುತ್ತಿಯೇ ಬರುತ್ತಿದ್ದ. ಅವನು ಕನ್ನಡಕದ ಮೇಲಿಂದ ನೋಡಿದ, ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಆಮೇಲೆ ದಿನವೂ ಅವಳೇ ಹೋಗಿ "ಏನಂತೆ ನಿಮ್ಮ ಕಣ?" ಎಂದು ಕೇಳತೊಡಗಿದಳು. ವೈರುಗಳ ರಾಶಿ ಹೊತ್ತಿದ್ದ ಅವನ ಪಕ್ಕದ ಕುರ್ಚಿ ಈಗ ಖಾಲಿಯಾಗಿರುತ್ತಿತ್ತು. ಅಲ್ಲಿ ಕೂತಾಗಲೆಲ್ಲ ಅವಳಿಗೆ ಸಂತೋಷ; ಎದ್ದು ಬಂದಾಗ ಭಯ.

"ಅಕ್ಕ, ಒಬ್ಬರಿಗೆ ಸುಳ್ಳು ಹೇಳ್ತಿದೀನಿ," ಎಂದಳು ಮನೆಯಲ್ಲಿ. "ಎಲ್ಲರೆದುರು ಗೊತ್ತಾದ್ರೆ ಅವರು ಮತ್ತೆ ನನ್ನ ಮುಖ ನೋಡಲ್ಲ."

ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಇಷ್ಟನಾ ಅವರು?"

"ಹೂಂ."

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದಕ್ಕೇ ಹೀಗೆ ಹೆದರಿದ್ರೆ ಹೇಗೆ ಮಾರಾಯ್ತಿ?"

ಮೀಟಿಂಗಿನಲ್ಲಿ ಅವನು ಎದ್ದು ನಿಂತ. ಅವಳು ನೆಲ ನೋಡುತ್ತ ಕೂತಳು.

"ಇದು ಸುಳ್ಳು ಕಣ," ಎಂದ ಅವನು. "ಬೇಲಿ ಪಕ್ಕದ ಟ್ಯಾಂಕಿನಲ್ಲೂ ಬೆಳಕು ತೋರಿಸ್ತಿದೆ. ಕಣ ಬಂತು ಅನ್ನೋ ಆ ಮಧ್ಯಾಹ್ನ ಆ ಟ್ಯಾಂಕ್ ಆಫ್ ಆಗಿತ್ತು. ಬ್ಯಾಟರಿ ಬದಲಾಯಿಸೋಕೆ ಹೋಗಿದ್ದವನು ನಾನೇ."

ಜೊತೆಗೆ ಯಾರಿದ್ದರೆಂದು ಹೇಳಲಿಲ್ಲ. ಇದ್ದವಳು ಅವಳು. ಅಂದು ಅವನ ಕೈಯಿಂದ ಬೀಗದ ಕೈ ಹುಲ್ಲಿಗೆ ಬಿದ್ದು, ಇಬ್ಬರೂ ಹುಡುಕಿ ಸುಸ್ತಾಗಿ, ಟ್ಯಾಂಕಿನ ನೆರಳಲ್ಲಿ ಕೂತು ಏನೇನೋ ಮಾತಾಡಿದ್ದರು. ಸುಳ್ಳು ಕಣಕ್ಕೆ ಹೊತ್ತು ಆರಿಸುವಾಗ ಅವಳ ಕೈ ಹೋದದ್ದು ಆ ಮಧ್ಯಾಹ್ನಕ್ಕೇ. ನೆರಳು ನೆನಪಿತ್ತು, ಬ್ಯಾಟರಿ ಮರೆತೇಹೋಗಿತ್ತು.

ಮೀಟಿಂಗ್ ಮುಗಿದ ಮೇಲೆ ಅವಳು ಅವನನ್ನು ಕಾರಿಡಾರಿನಲ್ಲಿ ತಡೆದಳು.

"ಯಾವಾಗ ಗೊತ್ತಾಯ್ತು?"

"ಸುಳ್ಳು ಅಂತ, ನಿಮಗೆ ತೋರಿಸೋಕೆ ಮುಂಚೆನೇ. ನಿಮ್ದು ಅಂತ, ನಿಮ್ಮ ಮುಖ ಬಿಳಿಚಿಕೊಂಡಾಗ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ನೀವು ದಿನಾ ಕೇಳೋಕೆ ಬರ್ತಿರಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಇಷ್ಟು ವರ್ಷದಲ್ಲಿ ಒಂದು ಕಣನೂ ಎಲ್ಲಿಂದ ಬಂತು ಅಂತ ಹೇಳೋಕಾಗಿಲ್ಲ ನನಗೆ," ಎಂದ. "ಇದೊಂದು ಗೊತ್ತಾಯ್ತು. ಆದ್ರೆ ವರ್ಷವಿಡೀ ಬಿಟ್ಟು ಆ ಮಧ್ಯಾಹ್ನನೇ ಯಾಕೆ ಅಂತ ಗೊತ್ತಾಗಿಲ್ಲ."

ಏನಾದರೊಂದು ನೆಪ ಹೇಳಬಹುದಿತ್ತು.

"ಅದು ನನಗೆ ಇಷ್ಟವಾದ ಮಧ್ಯಾಹ್ನ," ಎಂದಳು. "ನೀವಿದ್ರಲ್ಲ, ಅದಕ್ಕೆ."

ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಳ್ಳುವುದನ್ನು ಮರೆತ. "ನಾಳೆ ಹೋಗೋಣ್ವಾ, ಬೇಲಿ ಪಕ್ಕ? ಬ್ಯಾಟರಿ ಸರಿಯಾಗೇ ಇದೆ. ಸುಮ್ಮನೆ ಕೂತು ಬರೋಣ."

"ಹೋಗೋಣ."

ಅವನು ಈ ಸಲ ಎಲ್ಲೂ ಸುತ್ತದೆ ನೆಟ್ಟಗೆ ಅವಳ ಪಕ್ಕಕ್ಕೆ ಬಂದು ನಿಂತ. ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಏನಾಯ್ತೇ?"

"ಒಂದೇ ಸುಳ್ಳು ಸಾಕಾಯ್ತು ಅಕ್ಕ," ಎಂದಳು ಅವಳು.